ಕರೀ ಪರದೆ ಮತ್ತು ಮೂರು ಊರಿನ ಗಿಳಿಗಳು

ಯಂತ್ರ ನಮ್ಮಲ್ಲೇ ಉಳಿಯಿತು! ನಿನ್ನೆ ಮಧ್ಯಾಹ್ನ ಮೂಡಲಗಿಯ ನಮ್ಮ ಹೊಲಿಗೆ ಸಂಘದ ಕೋಣೆಯಲ್ಲಿ, ಹದಿನಾಲ್ಕು ಹೆಣ್ಣುಮಕ್ಕಳ ಎದುರಿಗೆ, ಗೋಕಾಕದಿಂದ ಬಂದಿದ್ದ ಮೇಡಂ ಕಾಗದಕ್ಕೆ ಸಹಿ ಹಾಕಿದರು. "ಕಂಪ್ಯೂಟರ್ ನೋಡಿಕೊಳ್ಳುವವರು" ಎಂದು ಅಚ್ಚಾದ ಸಾಲಿನ ಮುಂದೆ ನನ್ನ ಹೆಸರು ಬರೆದರು. ನನ್ನ ಹೆಸರು! ನಾಲ್ಕನೇ ಇಯತ್ತೆಗೆ ಸಾಲೆ ಬಿಟ್ಟವಳ ಹೆಸರು. ಅರವತ್ತಾರು ವರ್ಷದವಳು, ಐದು ಮೊಮ್ಮಕ್ಕಳ ಆಯಿ ನಾನು. ಬೆಳಿಗ್ಗೆ ಎದ್ದವಳು ಚಹಾ ಕೂಡ ಕುಡಿಯದೆ ಬರೆಯಲು ಕುಳಿತಿದ್ದೇನೆ. ಹೇಳಿಕೊಳ್ಳದಿದ್ದರೆ ಹೊಟ್ಟೆ ಒಡೆದೀತು.

ಇರಲಿ, ಸಮಾಧಾನದಿಂದ ಮೊದಲಿಂದ ಹೇಳುತ್ತೇನೆ.

ನಮ್ಮ ಸಂಘದಲ್ಲಿ ಒಂದು ಕಸೂತಿ ಯಂತ್ರವಿದೆ. ಖಣದ ಕುಬಸವೋ ಸೀರೆಯ ಸೆರಗೋ ಅದರ ಚೌಕಟ್ಟಿಗೆ ಬಿಗಿದು ಕೊಟ್ಟರೆ ಗಿಳಿ, ನವಿಲು, ಆನೆ ತಾನೇ ಹೊಲಿಯುತ್ತದೆ. ಆದರೆ ಯಾವ ಗಿಳಿ ಹೊಲಿಯಬೇಕು ಎಂದು ಅದಕ್ಕೆ ಗೊತ್ತಿಲ್ಲ. ಅದು ಗೊತ್ತಿರುವುದು ಬಾಜೂಕೆ ಇರುವ ಕಂಪ್ಯೂಟರಿಗೆ. ನಕ್ಷೆಗಳೆಲ್ಲ ಅದರೊಳಗೆ ಫೈಲುಗಳಾಗಿ ಕುಳಿತಿವೆ. ಬೇಕಾದ ಫೈಲನ್ನು ಪೆನ್ ಡ್ರೈವಿಗೆ ಹಾಕಿ, ಆ ಪೆನ್ ಡ್ರೈವನ್ನು ಯಂತ್ರಕ್ಕೆ ಚುಚ್ಚಬೇಕು. ಮೂರು ವರ್ಷ ಈ ಕೆಲಸ ಮಾಡಿದವಳು ನನ್ನ ಹಿರಿಯ ಮೊಮ್ಮಗಳು. ನಮ್ಮ ಭಾಗದ ಮುದುಕಿಯರ ಹಳೆಯ ಕುಬಸ, ಸೀರೆ ತಂದು ಅವುಗಳ ಮೇಲಿನ ಕೈಕಸೂತಿಯನ್ನು ನೋಡಿ ನೋಡಿ ಕಂಪ್ಯೂಟರಿಗೆ ಇಳಿಸಿದವಳೂ ಅವಳೇ. ಅವಳನ್ನು ಈ ವರ್ಷ ಹುಕ್ಕೇರಿಗೆ ಮದುವೆ ಮಾಡಿ ಕೊಟ್ಟೆವು. ಕೊಡುವಾಗ ಪಾತ್ರೆ ನೆನಪಿತ್ತು, ಹಾಸಿಗೆ ನೆನಪಿತ್ತು, ಸಂಘದ ಕಂಪ್ಯೂಟರ್ ಒಂದು ಯಾರಿಗೂ ನೆನಪಾಗಲಿಲ್ಲ.

ಯಂತ್ರ ಕೊಟ್ಟ ಸಂಸ್ಥೆಯವರಿಗೆ ಸುದ್ದಿ ಮುಟ್ಟಿತು. ಪತ್ರ ಬಂತು. ಅದರಲ್ಲಿ ಬರೆದದ್ದು ಇಷ್ಟು: ಒಂದೂವರೆ ತಿಂಗಳ ನಂತರ ನಮ್ಮವರೊಬ್ಬರು ಬರುತ್ತಾರೆ. ನಕ್ಷೆ ಹುಡುಕಿ, ಪ್ರತಿ ತೆಗೆದು, ಹೆಸರಿಟ್ಟು, ಯಂತ್ರಕ್ಕೆ ಕೊಟ್ಟು ಹೊಲಿಸಿ ತೋರಿಸುವವರು ನಿಮ್ಮಲ್ಲಿ ಒಬ್ಬರಾದರೂ ಇರಬೇಕು. ಇಲ್ಲದಿದ್ದರೆ ಯಂತ್ರವನ್ನು ಬೇರೆ ಸಂಘಕ್ಕೆ ಕೊಡುತ್ತೇವೆ.

ಅಧ್ಯಕ್ಷೆ ಪತ್ರ ಓದಿ ಮಡಚಿದಳು. ಮೇಲವಂಕಿಯಿಂದ ದಿನಾ ಬರುವ ಇಬ್ಬರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಂತ್ರ ಹೋದರೆ ಅವರು ಮತ್ತೆ ಕಬ್ಬು ಕಡಿಯಲು ಹೋಗಬೇಕು. ನನ್ನದು ಇನ್ನೊಂದು ಕಥೆ. ಎರಡೂ ಕಣ್ಣಿನ ಪೊರೆ ತೆಗೆಸಿದ ಮೇಲೆ ದೂರದ್ದು ಚೆನ್ನಾಗಿ ಕಾಣುತ್ತದೆ, ಆದರೆ ಅರಿವೆಯ ಎಳೆ ಎಣಿಸಲು ಆಗುವುದಿಲ್ಲ. ಎಳೆ ಎಣಿಸಲಾಗದವಳು ಕಸೂತಿ ಹಾಕುವುದೆಲ್ಲಿ ಬಂತು? ನಾನು ಹಾಕಿದ ಗಿಳಿ, ನನ್ನ ಅವ್ವ ಹಾಕಿದ ನವಿಲು ಇನ್ನು ಮುಂದೆ ಯಾರದಾದರೂ ಬೆನ್ನ ಮೇಲೆ ಕೂಡಬೇಕಾದರೆ ಈ ಯಂತ್ರ ಇರಲೇಬೇಕು.

"ಯಾರು ಕಲೀತೀರಿ?" ಎಂದು ಕೇಳಿದಳು ಅಧ್ಯಕ್ಷೆ.

ಒಬ್ಬಳಿಗೆ ಕೂಸು ಸಣ್ಣದು. ಇನ್ನೊಬ್ಬಳಿಗೆ ಕಂಪ್ಯೂಟರ್ ಮುಟ್ಟಿದರೆ ಶಾಕ್ ಹೊಡೆಯುತ್ತದೆ ಎಂಬ ಭಯ. ನಾವೆಲ್ಲ ಖಾಲಾ ಎಂದು ಕರೆಯುವ ಜರಿ ಕೆಲಸದವಳು, ನನ್ನ ವಯಸ್ಸಿನ ಸರೀಕಳು, "ಫೋನ್ ಎತ್ತೂದು ಕಲಿಯಾಕ ನನಗ ಎರಡು ವರ್ಷ ಹಿಡೀತು, ನನ್ನ ಬಿಡ್ರಿ" ಎಂದಳು.

ನನ್ನ ಬಾಯಿ ನನ್ನನ್ನು ಕೇಳದೇ, "ನಾ ಕಲೀತೀನಿ" ಎಂದಿತು.

ಖಾಲಾ ನಕ್ಕಿದ್ದೇ ನಕ್ಕಿದ್ದು. "ಏನವ್ವಾ, ಚಷ್ಮಾ ಹಣಿ ಮ್ಯಾಲ ಇಟಗೊಂಡು ಊರೆಲ್ಲಾ ಹುಡುಕ್ತಿ, ನೀ ಫೈಲ್ ಹುಡುಕ್ತಿ?"

"ಚಷ್ಮಾ ಕರದ್ರ ಓ ಅನ್ನಂಗಿಲ್ಲ. ಫೈಲ್ ಅಂತೈತಂತ, ನಮ್ಮ ಹುಡುಗಿ ಹೇಳ್ತಾಳ" ಎಂದೆ.

ಈ ಕಂಪ್ಯೂಟರ್ ಬ್ಯಾಂಕಿನಲ್ಲಿ ಕಾಣುವಂಥದ್ದಲ್ಲ. ಎಲ್ಲಿಯೋ ಬಳಸಿ ಬಿಟ್ಟ ಹಳೆಯದು. ಚಿತ್ರ, ಬಣ್ಣ, ಕಿಟಕಿ ಎಲ್ಲ ಹಾಕಿದರೆ ಮುದಿ ಎತ್ತಿಗೆ ಭಾರದ ಬಂಡಿ ಕಟ್ಟಿದ ಹಾಗೆ ಅಲ್ಲೇ ಮಲಗಿಬಿಡುತ್ತಿತ್ತು. ಅದಕ್ಕೆ ಮೊಮ್ಮಗಳು ಅವನ್ನೆಲ್ಲ ತೆಗೆದು ಬರೀ ಕರೀ ಪರದೆ ಉಳಿಸಿದ್ದಳು. ಮೌಸ್ ಇಲ್ಲ. ಪರದೆಯ ಮೂಲೆಯಲ್ಲಿ ಒಂದು ಬಿಳಿ ಚುಕ್ಕೆ ಮಿಟುಕುತ್ತದೆ, ಅಷ್ಟೇ. ನಾವು ಅಕ್ಷರ ಒತ್ತಿ ಹುಕುಂ ಕೊಡಬೇಕು, ಎಂಟರ್ ಒತ್ತಬೇಕು. ಆಗ ಅದು ಕೆಲಸ ಮಾಡುತ್ತದೆ, ಇಲ್ಲವೇ ಬೈಯುತ್ತದೆ.

ಮಧ್ಯಾಹ್ನ ಮೂರಕ್ಕೆ ಮೊಮ್ಮಗಳ ಅತ್ತೆ ಮಲಗುವ ಹೊತ್ತು. ಅದೇ ನನ್ನ ಸಾಲೆಯ ಹೊತ್ತು. ಹುಕ್ಕೇರಿಯಿಂದ ಅವಳು ಫೋನಿನಲ್ಲಿ, ಮೂಡಲಗಿಯಲ್ಲಿ ನಾನು ಪರದೆಯ ಮುಂದೆ.

"ಆಯಿ, ಎಲ್ ಒತ್ತು. ಎಸ್ ಒತ್ತು. ಎಂಟರ್ ಒತ್ತು."

"ಒತ್ತಿದೆ. ಬೈದೈತಿ."

"ಏನಂತ ಬೈದೈತಿ? ಒಂದೊಂದ ಅಕ್ಷರ ಓದು."

ಓದಿದೆ. ಆ ಕಡೆ ಅವಳು ನಕ್ಕಳು. "ದೊಡ್ಡ ಅಕ್ಷರ ಒತ್ತೀಯಲ್ಲ. ಕೀಬೋರ್ಡಿನ ಎಡಗಡಿ ಉದ್ದನ್ನ ಮಣಿ ಐತಲ್ಲ, ಅದನ್ನ ಒಂದ ಸಲ ಒತ್ತು. ಸಣ್ಣ ದೀಪ ಆರಬೇಕು."

"ಎಲ್ ಅಂದ್ರ ಎಲ್ ಅಲ್ಲೇನ? ದೊಡ್ಡದಾದ್ರೇನು, ಸಣ್ಣದಾದ್ರೇನು?"

"ಇಲ್ಲಾಯಿ. ಅದಕ್ಕ ಅವು ಬ್ಯಾರೆ ಬ್ಯಾರೆ ಮಂದಿ."

ದೀಪ ಆರಿಸಿದೆ, ಮತ್ತೆ ಒತ್ತಿದೆ. ಕರೀ ಪರದೆಯ ಮೇಲೆ ಮೂರು ಹೆಸರು ಟಪ್ಪನೆ ಮೂಡಿದವು. ಗೋಕಾಕ, ಹುಕ್ಕೇರಿ, ಮೂಡಲಗಿ. ಎರಡು ಅಕ್ಷರಕ್ಕೆ ಅರ್ಧ ತಾಸು ಹಿಡಿದಿತ್ತು ಖರೆ, ಆದರೆ ಮೂರು ತಾಲೂಕು ನನ್ನ ಬೆರಳಿಗೆ ಎದ್ದು ಬಂದಿದ್ದವು! ನಾನು ಕೂಗಿದ ಕೂಗಿಗೆ ಖಾಲಾ ಸೂಜಿ ಹಿಡಿದುಕೊಂಡೇ ಓಡಿ ಬಂದಳು.

ಇವು ಫೋಲ್ಡರುಗಳು. ಯಾವ ಊರಿನ ಮುದುಕಿಯ ಅರಿವೆಯಿಂದ ತೆಗೆದ ನಕ್ಷೆಯೋ ಆ ಊರಿನ ಫೋಲ್ಡರಿನಲ್ಲಿ ಇಟ್ಟಿದ್ದಳು ಮೊಮ್ಮಗಳು. ಮೂರರಲ್ಲೂ ಒಂದೊಂದು ಗಿಳಿ, ಒಂದೊಂದು ನವಿಲು, ಒಂದೊಂದು ಆನೆ, ಜೊತೆಗೆ ಬೇರೆ ಬೇರೆ ಗೋಪುರ, ತೊಟ್ಟಿಲು. ಹೆಸರು ಇಂಗ್ಲಿಷ್ ಅಕ್ಷರದಲ್ಲಿ, ಮಾತು ಕನ್ನಡದ್ದು.

ಮುಂದಿನ ವಾರ ನಡೆಯುವುದನ್ನು ಕಲಿತೆ. ಎಲ್ಲಿ ನಿಂತಿದ್ದೇನೆ ಎಂದು ಕೇಳಲು ಪಿ, ಡಬ್ಲ್ಯೂ, ಡಿ. ಒಂದು ಫೋಲ್ಡರಿನ ಒಳಗೆ ಹೋಗಲು ಸಿ, ಡಿ, ಒಂದು ಜಾಗ ಬಿಟ್ಟು ಅದರ ಹೆಸರು. ಹೊರಗೆ ಬರಲು ಸಿ, ಡಿ, ಜಾಗ, ಎರಡು ಚುಕ್ಕೆ. ಮೊದಮೊದಲು ಒಳಗೆ ಹೋದವಳು ಎಲ್ಲಿದ್ದೇನೆ ಎಂದು ತಿಳಿಯದೆ ಸಂತೆಯಲ್ಲಿ ಕಳೆದುಹೋದ ಕೂಸಿನ ಹಾಗೆ ಆಗುತ್ತಿದ್ದೆ. ಮೂಡಲಗಿಯೊಳಗೆ ನಿಂತು ಹುಕ್ಕೇರಿಯನ್ನು ಕರೆಯುತ್ತಿದ್ದೆ, ಅಂಥದ್ದು ಇಲ್ಲಿಲ್ಲ ಎನ್ನುತ್ತಿತ್ತು. ಒಂದು ದಿನ ತಲೆಗೆ ಹೊಳೆಯಿತು. ನಮ್ಮ ಗವಂತಿ ಹೊಲಿಗೆಯಲ್ಲಿ ದಾರಕ್ಕೆ ಗಂಟು ಹಾಕುವ ಹಾಗಿಲ್ಲ. ಸೂಜಿ ಒಂದು ದಾರಿಯಲ್ಲಿ ಹೋಗುತ್ತದೆ, ಹೋದ ದಾರಿಯಲ್ಲೇ ಬಿಟ್ಟ ಜಾಗ ತುಂಬುತ್ತ ಹಿಂದೆ ಬರುತ್ತದೆ. ಮಧ್ಯದಲ್ಲಿ ಹಾರಿದರೆ ಅರಿವೆಯ ಹಿಂಬದಿ ಕೆಡುತ್ತದೆ. ಇಲ್ಲಿಯೂ ಹಾಗೇ! ಮೂಡಲಗಿಯಿಂದ ಎರಡು ಚುಕ್ಕೆ ಹಾಕಿ ಹಿಂದೆ ಬಂದು, ಆಮೇಲೆ ಹುಕ್ಕೇರಿಗೆ ಹೋಗಬೇಕು. ಹೋಗಿ ಬರುವ ದಾರಿಯನ್ನು ನಾನು ಐವತ್ತು ವರ್ಷ ಸೂಜಿಯಿಂದ ನಡೆದವಳು. ಅವತ್ತಿನಿಂದ ನಾನು ದಾರಿ ತಪ್ಪಲಿಲ್ಲ.

ಬೆರಳು ಮಾತ್ರ ಮಾತು ಕೇಳುತ್ತಿರಲಿಲ್ಲ. ನಕ್ಷೆ ಬರೆಯುವ ಚೌಕುಳಿ ಹಾಳೆಯ ಮೇಲೆ ಕೀಬೋರ್ಡಿನ ಎಲ್ಲ ಮಣಿಗಳನ್ನೂ ಬರೆದುಕೊಂಡು ಮನೆಗೆ ತಂದೆ. ಒಲೆಯ ಬಾಜೂಕೆ ಇಟ್ಟುಕೊಂಡು ಒತ್ತುತ್ತ ಕೂತಿದ್ದೆ. ನಮ್ಮ ಮನೆಯವರು ಬಾಗಿಲಲ್ಲಿ ನಿಂತು ನೋಡಿದರು.

"ರೊಟ್ಟಿ ಕರ್ರಗಾಗಾಕತ್ತೈತಿ, ನೀ ಕಾಗದಕ್ಕ ಏನ್ ತಿನಸಾಕತ್ತಿ?"

"ಪರೀಕ್ಷಾಕ್ಕ ಓದಾಕತ್ತೇನ್ರಿ."

"ಪಾಸ್ ಆದ್ರ ಸಾಲಿಗೆ ಹಚ್ಚತೀನಿ" ಎಂದು ಹೋದರು. ಅಂದು ಇಡೀ ಮನೆ ಸುಟ್ಟ ರೊಟ್ಟಿ ತಿಂದಿತು.

ಹೊಸ ಫೋಲ್ಡರ್ ಮಾಡಲು ಕಲಿತ ದಿನ "ಹೊಸ ಗಿಳಿ" ಎಂದು ಬರೆದು ಎಂಟರ್ ಒತ್ತಿದೆ. ನೋಡಿದರೆ ಎರಡು ಫೋಲ್ಡರ್ ಹುಟ್ಟಿವೆ, ಒಂದು ಹೊಸ, ಇನ್ನೊಂದು ಗಿಳಿ. ಮಧ್ಯ ಜಾಗ ಬಿಟ್ಟರೆ ಅದು ಎರಡು ಹೆಸರು ಎಂದು ತಿಳಿಯುತ್ತದಂತೆ. ಜಾಗದ ಬದಲು ಕೆಳಗೊಂದು ಗೆರೆ ಎಳೆಯಬೇಕು. ಇಂಥ ತಪ್ಪು ಹತ್ತಾರು ಆದವು, ಹತ್ತಾರಕ್ಕೂ ನಕ್ಕೆವು. ನಗಲಾಗದ್ದು ನಾಲ್ಕನೇ ವಾರ ಬಂತು.

ಅಷ್ಟು ಹೊತ್ತಿಗೆ ನನಗೆ ಸ್ವಲ್ಪ ಸೊಕ್ಕು ಬಂದಿತ್ತು ಎಂದೇ ಹೇಳಬೇಕು. ಪ್ರತಿ ತೆಗೆಯುವ ಸಿ, ಪಿ ಗೊತ್ತು. ಇಲ್ಲಿಂದ ಎತ್ತಿ ಅಲ್ಲಿಡುವ ಎಂ, ವಿ ಗೊತ್ತು. ಮೇಡಂ ಬಂದು ಗಿಳಿ ತೋರಿಸಿ ಎಂದರೆ ಮೂರು ಊರು ಯಾಕೆ ಅಲೆಯಬೇಕು, ಗಿಳಿಗಳನ್ನೆಲ್ಲ ಒಂದೇ ಕಡೆ ಇಟ್ಟರಾಯಿತಲ್ಲ ಎಂದುಕೊಂಡೆ. ಮನೆಯಲ್ಲಿ ಅರಿವೆಯ ಗಂಟು ಕಟ್ಟುವಾಗ ಮಾಡುವುದೇ ಅದು: ಕುಬಸದ ಮೇಲೆ ಕುಬಸ, ಸೀರೆಯ ಮೇಲೆ ಸೀರೆ. ಇಟ್ಟಷ್ಟೂ ಗಂಟು ದೊಡ್ಡದಾಗುತ್ತದೆ, ಕೆಳಗಿನದು ಕೆಳಗೇ ಇರುತ್ತದೆ.

ಗಿಳಿಗಳಿಗೊಂದು ಫೋಲ್ಡರ್ ಮಾಡಿದೆ. ಮೂಡಲಗಿಯ ಗಿಳಿಯನ್ನು ಎತ್ತಿ ಅದರೊಳಗೆ ಇಟ್ಟೆ. ಗೋಕಾಕದ ಗಿಳಿಯನ್ನು ಅದರ ಮೇಲೆ ಇಟ್ಟೆ. ಹುಕ್ಕೇರಿಯದನ್ನು ಅದರ ಮೇಲೆ. ಪರದೆ ಏನೂ ಅನ್ನಲಿಲ್ಲ. ಕೆಲಸ ಸರಿಯಾದರೆ ಅದು ಮಾತಾಡುವುದಿಲ್ಲ ಎಂದು ಮೊಮ್ಮಗಳು ಹೇಳಿದ್ದಳು. ಹಾಗಾಗಿ ಅದರ ಮೌನವೇ ನನಗೆ ಶಹಬ್ಬಾಸ್‌ಗಿರಿ. ನವಿಲುಗಳಿಗೂ ಹಾಗೇ ಮಾಡಿದೆ. ಆನೆಗಳಿಗೂ ಹಾಗೇ. ಒಂಬತ್ತು ಹುಕುಂ, ಒಂದೂ ಬೈಗುಳವಿಲ್ಲ. ಗಂಟು ಎಷ್ಟು ದೊಡ್ಡದಾಯಿತು ನೋಡೋಣ ಎಂದು ಗಿಳಿಗಳ ಫೋಲ್ಡರಿಗೆ ಹೋಗಿ ಎಲ್, ಎಸ್ ಒತ್ತಿದೆ.

ಒಂದೇ ಗಿಳಿ.

ನವಿಲು ಒಂದೇ. ಆನೆ ಒಂದೇ. ಹಳೆಯ ಊರುಗಳಿಗೆ ಹೋಗಿ ನೋಡಿದೆ, ಅಲ್ಲಿ ಒಂದೂ ಇಲ್ಲ. ಹುಕ್ಕೇರಿಗೆ ಫೋನ್ ಹಚ್ಚಿದೆ. ಮೊಮ್ಮಗಳು ಎಲ್ಲ ಕೇಳಿಸಿಕೊಂಡಳು.

"ಆಯಿ, ಮೂರಕ್ಕೂ ಹೆಸರು ಒಂದ. ಒಂದ ಜಾಗಾದಾಗ ಒಂದ ಹೆಸರಿನ ಫೈಲ್ ಒಂದ ಇರತೈತಿ. ನೀ ಮ್ಯಾಲ ಇಟ್ಟಂಗೆಲ್ಲಾ ತಳಗಿಂದು ಅಳದು ಹೋತು."

"ಹೋತು ಅಂದ್ರ ಎಲ್ಲಿಗೆ ಹೋತು? ಅಲ್ಲಿ ಹೋಗಿ ತರೋಣ."

"ಎಲ್ಲಿಗೂ ಇಲ್ಲ ಆಯಿ. ಹೋತು." ಆಮೇಲೆ ಮೆತ್ತಗೆ, "ತಪ್ಪು ನಂದೈತಿ. ಒಂದ ಹೆಸರು ಇಟ್ಟಾಕಿ ನಾನು. ಇನ್ನೊಂದು ಪ್ರತಿ ಮಾಡಿ ಇಡಲಿಲ್ಲ" ಎಂದಳು.

ಆರು ನಕ್ಷೆ ಹೋಗಿದ್ದವು. ಹುಕ್ಕೇರಿಯ ಮೂರು ಮಾತ್ರ ಉಳಿದಿದ್ದವು. ಹೋದವುಗಳಲ್ಲಿ ನಾನು ಮದುವೆಗೆ ಮುಂಚೆ ಹಾಕಿದ ಮೂಡಲಗಿಯ ಗಿಳಿ ಇತ್ತು, ನನ್ನ ಅವ್ವನ ನವಿಲು ಇತ್ತು. ಅವ್ವನ ಕುಬಸ ಹಿಸಿದು ಚಿಂದಿಯಾಗಿ ಹೋಗಿ ಎಷ್ಟೋ ದಿನವಾಯಿತು.

ಮರುದಿನ ಎಲ್ಲರ ಮುಂದೆ ನಿಂತು ಹೇಳಿದೆ. ಮೇಲವಂಕಿಯವಳೊಬ್ಬಳು ಸೂಜಿ ಕೆಳಗಿಟ್ಟು, "ಕಲಿಯಾಕ ಹೋಗಿ ಇದ್ದದ್ದೂ ಕಳದ್ರಲ್ಲ ಆಯಿ" ಎಂದಳು. ಬೈದದ್ದಲ್ಲ, ಹೆದರಿ ಆಡಿದ ಮಾತು. ಅದಕ್ಕೇ ಹೆಚ್ಚು ಚುಚ್ಚಿತು.

ಅಧ್ಯಕ್ಷೆ ನನ್ನನ್ನು ಬಾಜೂಕೆ ಕರೆದಳು. "ಆಯಿ, ಒಂದ ಮಾತು ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಮೇಡಂ ಬರೋ ದಿವಸ ನಿಮ್ಮ ಮೊಮ್ಮಗಳನ್ನ ಕರಸೋಣ. ವಾರಕ್ಕ ಎರಡ ದಿನ ಬರ್ತಾಳ ಅಂತ ಹೇಳಿದ್ರಾತು. ಅಕಿ ಕುಂತ ತೋರಸ್ತಾಳ, ಯಂತ್ರ ಉಳೀತೈತಿ. ನಿಮಗೂ ತ್ರಾಸಿಲ್ಲ."

ಸುಳ್ಳು ಹೇಳಬಾರದು, ಒಂದು ಗಳಿಗೆ ಮನಸ್ಸು ಆ ಕಡೆ ವಾಲಿತು. ಎಷ್ಟು ಹಗುರ! ಪರದೆಯ ಮುಂದೆ ಕೂಡುವುದು ತಪ್ಪುತ್ತದೆ, ಯಂತ್ರವೂ ಉಳಿಯುತ್ತದೆ. ಆದರೆ ಮೇಡಂ ಹೋದ ಮರುದಿನ ಯಂತ್ರಕ್ಕೆ ಗಿಳಿ ಕೊಡುವವರು ಯಾರು? ಆರು ತಿಂಗಳು ಹೊದ್ದಿಕೆ ಹೊದ್ದು ಕೂಡುವ ಯಂತ್ರ ಇದ್ದರೂ ಒಂದೇ, ಹೋದರೂ ಒಂದೇ.

"ಬ್ಯಾಡವ್ವಾ" ಎಂದೆ. "ನಾನ ಕೂಡ್ತೀನಿ. ಕಳದದ್ದನ್ನೂ ಹೇಳೇ ಕೂಡ್ತೀನಿ. ಇನ್ನ ಎರಡು ವಾರ ಐತಿ."

ಅಧ್ಯಕ್ಷೆ ನನ್ನನ್ನು ನೋಡಿದ ನೋಟದಲ್ಲಿ ನಂಬಿಕೆಗಿಂತ ದಾಕ್ಷಿಣ್ಯವೇ ಹೆಚ್ಚಿತ್ತು. ಇರಲಿ, ಆಗಲಿ ಎಂದಳಲ್ಲ.

ರವಿವಾರ ಗೋಕಾಕದಲ್ಲಿ ಬಸ್ಸು ಬದಲಿಸಿ ಹುಕ್ಕೇರಿಗೆ ಹೋದೆ. ಬಗಲಲ್ಲಿ ಕಾಗದದ ಕೀಬೋರ್ಡು. ಬೀಗತಿ ಬಾಗಿಲಲ್ಲೇ, "ಏನ್ರಿ ಬೀಗರ, ಮೊಮ್ಮಗಳನ್ನ ನೋಡಾಕ ಬಂದೀರೋ, ಟ್ಯೂಷನ್‌ಗೆ ಬಂದೀರೋ?" ಎಂದು ನಗಾಡಿದರು. "ಟ್ಯೂಷನ್‌ಗೆ ಬಂದೇನ್ರಿ, ಊಟಾ ಮಾಡಿ ಹೋಗ್ತೀನಿ" ಎಂದೆ.

ಮೊಮ್ಮಗಳು ಚಹಾ ತಂದಳು. ಅವಳು ತೊಟ್ಟಿದ್ದ ಕುಬಸದ ತೋಳಿನ ಮೇಲೆ ನನ್ನ ಗಿಳಿ ಇತ್ತು. ಐದು ಮೆಟ್ಟಿಲಿನ ಬಾಲ. ನೋಡಿದ್ದೇ ನನಗೆ ಅಳು ಬಂತು.

"ಇದನ್ನ ನೋಡಿ ಮತ್ತ ಕಂಪ್ಯೂಟರಿಗೆ ಇಳಸಾಕ ಬರತೈತೇನ?"

"ಬರತೈತಿ, ತಿಂಗಳ ಹಿಡಿತೈತಿ" ಎಂದು ತೋಳು ತಿರುಗಿಸಿ ನೋಡಿಕೊಂಡಳು. ನೋಡುತ್ತಿದ್ದವಳು ಹಣೆ ಹಣೆ ಬಡಿದುಕೊಂಡಳು. "ಆಯಿ! ಇದನ್ನ ಹೊಲದದ್ದು ನಮ್ಮ ಯಂತ್ರ! ಹೊಲಿದ ನಕ್ಷಿ ಅದರ ಹೊಟ್ಟ್ಯಾಗೂ ಒಂದ ಉಳದಿರತೈತಿ. ನಾವು ಕಂಪ್ಯೂಟರನ್ಯಾಗ ಹುಡಕಾಕತ್ತೇವಿ!"

ಆ ಮಧ್ಯಾಹ್ನ ಅವಳು ನನಗೆ ಎರಡು ಸಂಗತಿ ಕಲಿಸಿದಳು. ಒಂದು, ಯಂತ್ರದ ಹೊಟ್ಟೆಯಿಂದ ನಕ್ಷೆಗಳನ್ನು ಪೆನ್ ಡ್ರೈವಿಗೆ ತೆಗೆದುಕೊಳ್ಳುವುದು. ಇನ್ನೊಂದು, ಇದು ನನಗೆ ಬಂಗಾರದಂಥದ್ದು: ಸಿ, ಪಿ ಅಥವಾ ಎಂ, ವಿ ಬರೆದ ಮೇಲೆ ಜಾಗ ಬಿಟ್ಟು ಒಂದು ಅಡ್ಡಗೆರೆ, ಅದಕ್ಕೆ ಹತ್ತಿಸಿ ಐ. ಹಾಗೆ ಬರೆದರೆ, ಅದೇ ಹೆಸರಿನದು ಅಲ್ಲಿ ಮೊದಲೇ ಇದ್ದರೆ ಪರದೆ ನಿಂತು ಕೇಳುತ್ತದೆ, ಇದರ ಮೇಲೆ ಬರೆದುಬಿಡಲೇ? ಬೇಡವಾದರೆ ಎನ್ ಒತ್ತಿದರಾಯಿತು.

"ಇದನ್ನ ಮೊದಲ ದಿನಾನ ಯಾಕ ಹೇಳಲಿಲ್ಲ ನೀನು?" ಎಂದು ಅವಳ ಕಿವಿ ಹಿಂಡಿದೆ. ಮದುವೆಯಾದ ಹುಡುಗಿ, ಅತ್ತೆಯ ಎದುರಿಗೆ! ಹಿಂಡಿಸಿಕೊಂಡು ನಿಂತಳು.

ಸೋಮವಾರ ಯಂತ್ರದ ಹೊಟ್ಟೆ ತೆರೆದೆವು. ನಲವತ್ತು ನಕ್ಷೆ ಇದ್ದವು, ಯಾವುದಕ್ಕೂ ಹೆಸರಿಲ್ಲ, ಬರೀ ನಂಬರು. ಯಂತ್ರದ ಪುಟ್ಟ ಪರದೆಯಲ್ಲಿ ಹೆಬ್ಬೆರಳಿನ ಉಗುರಿನಷ್ಟು ಚಿತ್ರ. ಗಿಳಿ ಎಂದು ತಿಳಿಯುತ್ತದೆ, ಯಾವ ಊರಿನ ಗಿಳಿ ಎಂದು ದೇವರಿಗೇ ಗೊತ್ತು. ಆಗ ನಾನು, "ಹೊಲೀರಿ" ಎಂದೆ. "ಹಕ್ಕಿ, ಆನಿ ಕಂಡದ್ದೆಲ್ಲಾ ಹಳೇ ಅರಿವಿ ಮ್ಯಾಲ ಒಂದೊಂದ ಹೊಲದು ನನ್ನ ಕೈಯಾಗ ಕೊಡ್ರಿ."

ಮೂರು ದಿನ ಯಂತ್ರ ಕಟಕಟ ಎನ್ನುತ್ತಲೇ ಇತ್ತು. ಹಳೆಯ ಧೋತರ, ಹರಿದ ಹಾಸಿಗೆ ಅರಿವೆ, ಖಾಲಾ ತನ್ನ ಗಂಡನ ಲುಂಗಿಯನ್ನೇ ತಂದುಕೊಟ್ಟಳು. ಮೇಲವಂಕಿಯವರಿಬ್ಬರು ಚೌಕಟ್ಟಿಗೆ ಬಿಗಿದರು, ಅಧ್ಯಕ್ಷೆ ನಂಬರು ಬರೆದಳು, ನಾನು ಬೆರಳಾಡಿಸಿದೆ. ಕಣ್ಣು ಮುದಿಯಾದರೇನು, ಬೆರಳು ಮುದಿಯಾಗಿಲ್ಲ. ಐದು ಮೆಟ್ಟಿಲಿನ ಬಾಲ ಬಂದ ಕೂಡಲೇ "ಇದು ನಂದು!" ಎಂದೆ. ಹಿಂದೆ ತಿರುಗಿ ನೋಡುವ ಗಿಳಿ ಗೋಕಾಕದ್ದು. ಎರಡನೇ ದಿನ ಬೆರಳಿಗೆ ಒಂದು ನವಿಲಿನ ಕುತ್ತಿಗೆ ಸಿಕ್ಕಿತು. ಅಲ್ಲಿ ಒಂದು ಎಳೆ ಕಡಿಮೆ. ಅವ್ವ ಎಣಿಕೆ ತಪ್ಪಿದ್ದಳು, ತಪ್ಪಿದ್ದನ್ನು ಬಿಚ್ಚದೆ ಹಾಗೇ ಮುಂದೆ ನಡೆದಿದ್ದಳು. ಆ ತಪ್ಪು ನನ್ನ ಬೆರಳ ಕೆಳಗೆ ಇತ್ತು. ಅರಿವೆಯನ್ನು ಖಾಲಾಳ ಕೈಗೆ ಕೊಟ್ಟೆ. ಅವಳೂ ಬೆರಳಾಡಿಸಿದಳು. "ನಿಮ್ಮವ್ವಾರು ಬಂದ್ರಲ್ಲ" ಎಂದಳು.

ಆರರಲ್ಲಿ ಐದು ಸಿಕ್ಕವು. ಗೋಕಾಕದ ಆನೆ ಸಿಗಲಿಲ್ಲ. ಅದನ್ನು ನಾವು ಒಮ್ಮೆಯೂ ಹೊಲಿದಿರಲಿಲ್ಲ, ಅದು ಇದ್ದ ಸೀರೆ ಯಾರದೋ ಕೈಯಿಂದ ಒಂದು ದಿನದ ಮಟ್ಟಿಗೆ ಬಂದು ಹೋಗಿತ್ತು. ಆ ಆನೆ ನನ್ನಿಂದ ಹೋಯಿತು.

ಸಿಕ್ಕವನ್ನೂ ಉಳಿದಿದ್ದ ಹುಕ್ಕೇರಿಯ ಮೂರನ್ನೂ ಒಂದೊಂದಾಗಿ ಅವುಗಳ ಊರಿಗೆ ಮುಟ್ಟಿಸಿದೆ. ಪ್ರತಿಯೊಂದಕ್ಕೂ ಹಕ್ಕಿಯದೋ ಆನೆಯದೋ ಹೆಸರು, ಕೆಳಗೆರೆ, ಊರಿನ ಹೆಸರು. ಪ್ರತಿ ಸಲವೂ ಅಡ್ಡಗೆರೆ ಐ. ಇಟ್ಟ ಮೇಲೆ ಎಲ್, ಎಸ್ ಒತ್ತಿ ಕಣ್ಣಿಂದ ನೋಡಿ, ಆಮೇಲೆ ಮುಂದಿನದು. ಎಲ್ಲ ಮುಗಿದ ಮೇಲೆ ಮೂರು ಊರಿನ ಇಡೀ ಪ್ರತಿ ಇನ್ನೊಂದು ಪೆನ್ ಡ್ರೈವಿಗೆ ಹಾಕಿ ಅಧ್ಯಕ್ಷೆಯ ತಿಜೋರಿಯಲ್ಲಿ ಇಡಿಸಿದೆ.

ನಿನ್ನೆ ಹನ್ನೊಂದಕ್ಕೆ ಮೇಡಂ ಬಂದರು. ಮೂವತ್ತೈದರ ಹೆಣ್ಣುಮಗಳು, ನಗುವುದು ಕಡಿಮೆ. ಕೈಯಲ್ಲಿ ಮೊಮ್ಮಗಳು ಹಿಂದೆ ಬರೆದುಕೊಟ್ಟಿದ್ದ ನಕ್ಷೆಗಳ ಪಟ್ಟಿ.

"ಕಂಪ್ಯೂಟರ್ ಯಾರು ನೋಡ್ತೀರಿ?"

"ನಾನ್ರಿ."

ನನ್ನನ್ನು ನೋಡಿದರು, ಅಧ್ಯಕ್ಷೆಯನ್ನು ನೋಡಿದರು, ಮತ್ತೆ ನನ್ನನ್ನು. "ಕೂಡ್ರಿ ಅಮ್ಮಾ. ಗೋಕಾಕದ ಫೋಲ್ಡರ್‌ಗೆ ಹೋಗ್ರಿ."

ಹೋದೆ. ಎಲ್ಲಿದ್ದೇನೆ ಎಂದು ಕೇಳಿ ತೋರಿಸಿದೆ. ಒಳಗೆ ಇರುವುದನ್ನೆಲ್ಲ ಸಾಲಾಗಿ ತೋರಿಸಿದೆ. ಅವರು ಪಟ್ಟಿಯ ಮೇಲೆ ಬೆರಳಿಟ್ಟು, "ಇಲ್ಲಿ ಒಂದು ಆನಿ ಇರಬೇಕಲ್ಲ?" ಎಂದರು.

"ಇತ್ರಿ. ನನ್ನ ಕೈಯಿಂದ ಅಳದು ಹೋತು. ಒಂದ ಹೆಸರಿನ ಮೂರನ್ನ ಒಂದ ಕಡೆ ಇಟ್ಟೆ. ಆರು ಹೋಗಿದ್ದುವು, ಐದು ಯಂತ್ರದಾಗಿಂದ ತಗದೇವಿ. ಆನಿ ಸಿಗಲಿಲ್ಲ" ಎಂದೆ.

ಮೇಡಂ ಏನೋ ಬರೆದುಕೊಂಡರು. ಮುಖದ ಮೇಲೆ ಏನೂ ತಿಳಿಯಲಿಲ್ಲ. ತಮ್ಮ ಚೀಲದಿಂದ ಒಂದು ಪೆನ್ ಡ್ರೈವ್ ತೆಗೆದು ಚುಚ್ಚಿದರು. "ಹುಕ್ಕೇರಿ ಗಿಳಿನ ಇದರಾಗ ಹಾಕ್ರಿ. ಹೆಸರು ಬರೇ ಗಿಳಿ ಅಂತಿರಲಿ, ಊರು ಬ್ಯಾಡ."

ಬರೆದೆ. ಸಿ, ಪಿ, ಜಾಗ, ಅಡ್ಡಗೆರೆ, ಐ. ಎಲ್ಲಿಂದ, ಎಲ್ಲಿಗೆ, ಹೆಸರು. ಎಂಟರ್. ಪರದೆ ನಿಂತು ಪ್ರಶ್ನೆ ಕೇಳಿತು. ನಾನು ಎನ್ ಒತ್ತಿ ಕೈ ಹಿಂದೆ ತೆಗೆದುಕೊಂಡೆ.

"ಯಾಕ, ಏನಾತು?"

"ನಿಮ್ಮದರಾಗ ಮೊದಲ ಒಂದು ಗಿಳಿ ಐತ್ರಿ. ಯಾರದೋ ಏನೋ. ನಾ ಹಾಕಿದ್ರ ಅದು ಹೋಕ್ಕೈತಿ. ನೀವು ಹೇಳಿದ್ರೂ ನಾ ಹಾಕಂಗಿಲ್ಲ. ಊರು ಹಚ್ಚಿ ಹಾಕ್ತೀನಿ, ಎರಡೂ ಇರಲಿ."

ಮೇಡಂ ಪೆನ್ನು ಕೆಳಗಿಟ್ಟರು. ಆಗ ಮೊದಲ ಸಲ ನಕ್ಕರು. "ಆ ಗಿಳಿನ ನಾನ ಬೇಕಂತ ಇಟ್ಟಿದ್ದೆ ಅಮ್ಮಾ. ಈ ವಾರ ಐದು ಸಂಘ ನೋಡೇನಿ. ಐದೂ ಕಡೆ ಅದು ಅಳದು ಹೋತು. ಹೊಲೀರಿ ಈಗ."

ಯಂತ್ರ ಹೊಲಿಯಿತು. ಅವರು ಸಹಿ ಹಾಕಿದರು. ಮೇಲವಂಕಿಯವಳು ನನ್ನನ್ನು ಖುರ್ಚಿ ಸಮೇತ ಎತ್ತಲು ಬಂದು ಸೊಂಟ ಹಿಡಿದುಕೊಂಡಳು. ಖಾಲಾ ಮೇಡಂ ಮುಂದೆಯೇ ನನ್ನ ಗಲ್ಲಕ್ಕೆ ಮುತ್ತು ಕೊಟ್ಟು, "ಚಷ್ಮಾ ಎಲ್ಲೈತಿ ಹೇಳ ನೋಡೋಣ?" ಎಂದಳು. ಎಲ್ಲಿತ್ತೋ ನನಗೆ ಗೊತ್ತಿರಲಿಲ್ಲ, ಖರೆ ಹೇಳುತ್ತೇನೆ.

ಸಂಜೆಗೆ ಮೊಮ್ಮಗಳು ಗಂಡನನ್ನು ಕರೆದುಕೊಂಡು ಹುಕ್ಕೇರಿಯಿಂದ ಬಂದಳು. ಮಗ ಬಂದ, ಗೋಕಾಕದಿಂದ ಮಗಳು, ಅಳಿಯ, ಮಕ್ಕಳು ಬಂದರು. ಮನೆ ತುಂಬಿತು. ಆದರೆ ರೊಟ್ಟಿಯ ಬುಟ್ಟಿ ಖಾಲಿ! ನಾನು ಇಡೀ ದಿನ ಸಂಘದಲ್ಲಿ, ಸೊಸೆ ನನ್ನನ್ನು ನೋಡಲು ಸಂಘದ ಬಾಗಿಲಲ್ಲಿ. ಒಲೆ ಹೊತ್ತಿಸಲು ಎದ್ದೆ. ನಮ್ಮ ಮನೆಯವರು, "ಕೂಡ್ರ ನೀ" ಎಂದು ಚಪ್ಪಲಿ ಮೆಟ್ಟಿ ಹೋದರು. ಬರುವಾಗ ಖಾನಾವಳಿಯ ಮೂವತ್ತು ಜೋಳದ ರೊಟ್ಟಿ, ಎಣ್ಣೆಗಾಯಿ, ಝುಣಕ, ಪೊಟ್ಟಣದಲ್ಲಿ ಶೇಂಗಾ ಚಟ್ನಿ. ನಾನು ಈ ಮನೆಗೆ ಬಂದು ನಲವತ್ತೇಳು ವರ್ಷ, ಹೊರಗಿನ ರೊಟ್ಟಿ ಹೊಸ್ತಿಲು ದಾಟಿದ್ದು ನಿನ್ನೆಯೇ ಮೊದಲು.

ಪಡಸಾಲೆಯಲ್ಲಿ ಎಲ್ಲರೂ ದುಂಡಗೆ ಕೂತೆವು. ಅಳಿಯ, ಮೊಮ್ಮಗಳ ಗಂಡ, ಸೊಸೆ, ಮಕ್ಕಳು, ಎಲ್ಲರೂ ಒಂದೇ ಸಲ. ಯಾರು ಯಾರಿಗೆ ನೀಡುತ್ತಿದ್ದಾರೆ ಎಂದು ತಿಳಿಯದಷ್ಟು ಗದ್ದಲ. ಮೊಮ್ಮಗಳು ಮೇಡಂ ಹೇಳಿದ್ದನ್ನು ಮೂರು ಸಲ ನನ್ನಿಂದ ಹೇಳಿಸಿ ಕೇಳಿದಳು. ನಮ್ಮ ಮನೆಯವರು ರೊಟ್ಟಿ ಮುರಿದು, ಅಗಿದು, ಎಲ್ಲರಿಗೂ ಕೇಳುವ ಹಾಗೆ, "ರೊಟ್ಟಿ ಛಲೋ ಮಾಡ್ಯಾರ, ಎಲ್ಲೂ ಕರ್ರಗಾಗಿಲ್ಲ" ಎಂದರು. ಬೇರೆ ದಿನವಾಗಿದ್ದರೆ ತಿರುಗಿ ಒಂದು ಮಾತು ಕೊಡುತ್ತಿದ್ದೆ. ನಿನ್ನೆ ನನ್ನ ಬಾಯಿ ತುಂಬಿತ್ತು. ಕೈ ಚಾಚಿ ಇನ್ನೊಂದು ರೊಟ್ಟಿ ತೆಗೆದುಕೊಂಡೆ, ಅದು ನಾಲ್ಕನೆಯದು.